ಸೆರೆ, ಶಪಥ, ಔಷಧ: ಕಪ್ಪತಗುಡ್ಡದ ಸುತ್ತಣ ನಾಲ್ಕು ಊರುಗಳು

ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟ ರೈಲುಗಾಡಿಯು ಎರೆಯ ಹೊಲಗಳ ನಡುವೆ ಸಾಗಿ ಗದಗನ್ನು ಮುಟ್ಟುವ ಹೊತ್ತಿಗೆ, ಪ್ರವಾಸಿಗನಿಗೆ ಈ ಸೀಮೆಯ ಪರಿಚಯ ಅರ್ಧಕ್ಕರ್ಧ ಆಗಿಹೋಗಿರುತ್ತದೆ. ಕಣ್ಣು ಹರಿಯುವಷ್ಟು ದೂರ ಕಪ್ಪು ನೆಲ. ಹಿಂಗಾರಿ ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿಗಳ ಬೆಳೆ. ದಕ್ಷಿಣದ ಅಂಚಿನಲ್ಲಿ ನೀಲಿಯಾಗಿ ಮಲಗಿರುವ ಕಪ್ಪತಗುಡ್ಡದ ಸಾಲು. ಆ ಗುಡ್ಡದ ಸುತ್ತಮುತ್ತ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಊರುಗಳು ಹರಡಿಕೊಂಡಿವೆ. ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾದಾಗ ಈ ಊರುಗಳೆಲ್ಲ ಒಂದೇ ಜಿಲ್ಲೆಯ ಮಕ್ಕಳಾದವು.

ಇಲ್ಲಿಗೆ ಬರುವವರು ನೋಡಬೇಕಾದ ಸ್ಥಳಗಳಿಗೆ ಕೊರತೆಯಿಲ್ಲ. ಕುಮಾರವ್ಯಾಸನು ಕುಳಿತು ಭಾರತವನ್ನು ರಚಿಸಿದನೆಂದು ಜನ ನಂಬುವ ವೀರನಾರಾಯಣನ ಗುಡಿ, ಕಲ್ಲಿನಲ್ಲಿ ಕುಸುರಿ ಬಿಡಿಸಿದ ತ್ರಿಕೂಟೇಶ್ವರ, ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನಾದದ ಬೆಳಕನ್ನು ಹಂಚಿದ ವೀರೇಶ್ವರ ಪುಣ್ಯಾಶ್ರಮ, ೧೯೦೫ರಲ್ಲಿ ಸಹಕಾರ ಸಂಘವನ್ನು ಕಟ್ಟಿ ನಾಡಿಗೆ ದಾರಿ ತೋರಿದ ಪಕ್ಕದ ಕಣಗಿನಹಾಳ: ಇವುಗಳನ್ನು ನೋಡಿ ಧನ್ಯರಾದವರು ಅನೇಕರು. ಆದರೆ ಈ ಊರುಗಳಲ್ಲಿ ನೋಡದೆ ಹೋಗುವ ಸಂಗತಿಯೂ ಒಂದಿದೆ. ಸಂಜೆ ದೀಪ ಹತ್ತಿದ ಮೇಲೆ, ಬಸ್ಸು ನಿಲ್ದಾಣದ ಹಿಂಬದಿಯಲ್ಲಿ, ಸಂತೆಯ ಬಯಲಿನ ಮಗ್ಗುಲಲ್ಲಿ, ಅರ್ಧ ಮುಚ್ಚಿದ ಬಾಗಿಲೊಂದರ ಮುಂದೆ ಮಾತಿಲ್ಲದೆ ನಿಲ್ಲುವ ಗಂಡಸರ ಸಾಲು ಅದು. ಸೆರೆಯಂಗಡಿಯ ಆ ಸಾಲು ಯಾವ ಪ್ರವಾಸಿ ಕೈಪಿಡಿಯಲ್ಲಿಯೂ ಸಿಕ್ಕುವುದಿಲ್ಲ. ಆದರೆ ಆ ಸಾಲಿನಲ್ಲಿ ನಿಂತವನ ಮನೆಯಲ್ಲಿ ಕಾದು ಕುಳಿತವರ ಸಂಖ್ಯೆ ಗುಡಿಗಳನ್ನು ನೋಡಬಂದವರ ಸಂಖ್ಯೆಗಿಂತ ಕಡಿಮೆಯಲ್ಲ.

ಗದುಗಿನ ದೇವರಿಗೂ ಈ ವಿಷಯಕ್ಕೂ ಹಳೆಯದೊಂದು ನಂಟಿದೆ. ಮಹಾಭಾರತದ ಮೌಸಲಪರ್ವದಲ್ಲಿ ಯಾದವರ ನಾಶದ ಕಥೆ ಬರುತ್ತದೆ. ಋಷಿಶಾಪಕ್ಕೆ ಅಂಜಿ ದ್ವಾರಕೆಯಲ್ಲಿ ಕೃಷ್ಣ, ಬಲರಾಮ ಮೊದಲಾದವರ ಹೆಸರಿನಲ್ಲಿ ಡಂಗುರ ಸಾರಲಾಯಿತು: ಇಂದಿನಿಂದ ಯಾರೂ ಮದ್ಯವನ್ನು ತಯಾರಿಸಕೂಡದು, ಮಾಡಿದವನಿಗೆ ಶೂಲವೇ ಗತಿ. ಊರೊಳಗೆ ಎಲ್ಲರೂ ಆಜ್ಞೆಗೆ ತಲೆಬಾಗಿದರು. ಆದರೆ ತೀರ್ಥಯಾತ್ರೆಯೆಂದು ಪ್ರಭಾಸಕ್ಕೆ ಹೋದಾಗ ಅವರೇ ಕುಡಿದರು. ಕುಡಿದ ಮೇಲೆ ಹಳೆಯ ಹಗೆ ನೆನಪಾಯಿತು. ದಂಡೆಯ ಜೊಂಡುಹುಲ್ಲನ್ನೇ ಆಯುಧ ಮಾಡಿಕೊಂಡು ಒಬ್ಬರನ್ನೊಬ್ಬರು ಬಡಿದು ಕೊಂದರು. ಕುಮಾರವ್ಯಾಸನ ಕಾವ್ಯ ಹತ್ತು ಪರ್ವಗಳಿಗೇ ಮುಗಿಯುವುದರಿಂದ ಈ ಕಥೆ ಅದರಲ್ಲಿ ಬರಲಿಲ್ಲ. ಉಳಿದ ಪರ್ವಗಳನ್ನು ಮುಂದೆ ತಿಮ್ಮಣ್ಣಕವಿ ಕನ್ನಡಕ್ಕೆ ತಂದನು. ಕಾವ್ಯದಲ್ಲಿ ಬಿಟ್ಟುಹೋದ ಪರ್ವವನ್ನು ಗದುಗಿನ ಸೀಮೆಯು ಬೇರೊಂದು ಬಗೆಯಲ್ಲಿ ಕಂಡಿದೆ. ಆಜ್ಞೆ ಹೊರಡುವುದೂ, ಊರ ಹೊರಗೆ ಅದು ಮುರಿಯುವುದೂ ಇಲ್ಲಿಯ ಇತಿಹಾಸದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆದಿದೆ.

ಬೆಟಗೇರಿ: ಪೊಟ್ಟಣದ ಲೆಕ್ಕ

ಗದಗ ಮತ್ತು ಬೆಟಗೇರಿಗಳು ಒಂದೇ ನಗರಸಭೆಯ ಅವಳಿ ಊರುಗಳು. ಗದಗ ವ್ಯಾಪಾರದ ಊರಾದರೆ ಬೆಟಗೇರಿ ಮಗ್ಗದ ಊರು. ಓಣಿಯೊಳಗೆ ಕಾಲಿಟ್ಟರೆ ಲಾಳಿಯ ಸದ್ದು ಕಿವಿಗೆ ಬೀಳುತ್ತದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನಿಗೆ ದಿನವಿಡೀ ಒಂದೇ ಭಂಗಿ; ಸಂಜೆಗೆ ಸೊಂಟ ಹಿಡಿದಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. ವಿದ್ಯುನ್ಮಗ್ಗ ಬಂದ ಮೇಲೆ ಕೈಮಗ್ಗದ ಕೂಲಿಯೂ ಸೊರಗಿತು. ಹೊಲದಲ್ಲಿ ದುಡಿದವನಂತೆ ಮಗ್ಗದಲ್ಲಿ ದುಡಿದವನೂ ಕುಡಿತಕ್ಕೆ ಹೇಳುವ ಕಾರಣ ಒಂದೇ: ‘ಮೈಕೈ ನೋವು.’

ನೋವು ಸುಳ್ಳಲ್ಲ, ಔಷಧಿಯ ಮಾತು ಮಾತ್ರ ಸುಳ್ಳು. ಮದ್ಯವು ನೋವನ್ನು ಕೆಲಹೊತ್ತು ಮರೆಯಿಸುತ್ತದೆ, ಬೇಗನೆ ನಿದ್ದೆಗೆ ದೂಡುತ್ತದೆ. ಆದರೆ ಅದೇ ಮದ್ಯ ನಡುರಾತ್ರಿಯ ಅನಂತರದ ನಿದ್ದೆಯನ್ನು ಕೆಡಿಸುತ್ತದೆ. ಬೆಳಿಗ್ಗೆ ಎದ್ದಾಗ ದಣಿವು ಹಾಗೆಯೇ ಉಳಿದಿರುತ್ತದೆ. ಆ ದಣಿವನ್ನು ಕಳೆಯಲು ಸಂಜೆ ಮತ್ತೆ ಅಂಗಡಿ.

ಈಗಿನ ದಿನಗಳಲ್ಲಿ ಆ ಅಂಗಡಿಯಲ್ಲಿ ಹೆಚ್ಚಾಗಿ ಕೈಗೆ ಬರುವುದು ಕಾಗದದ ಪೊಟ್ಟಣ. ತೊಂಬತ್ತು ಮಿಲಿಲೀಟರಿನದೊಂದು, ಅದರ ಇಮ್ಮಡಿಯದು ಇನ್ನೊಂದು. ಎರಡನೆಯದಕ್ಕೆ ‘ಕ್ವಾರ್ಟರ್’ ಎಂದು ಹೆಸರು. ನೋಡುವುದಕ್ಕೆ ಮಕ್ಕಳು ಕುಡಿಯುವ ಮಾವಿನ ರಸದ ಪೊಟ್ಟಣದಂತೆಯೇ ಇರುತ್ತದೆ. ಒಳಗಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ನಮ್ಮ ದೇಶದಲ್ಲಿ ತಯಾರಾಗುವ ವಿಸ್ಕಿ, ರಮ್ಮುಗಳ ಸಾಮಾನ್ಯ ತೀಕ್ಷ್ಣತೆ ಶೇಕಡಾ ೪೨.೮. ಅಂದರೆ ೧೮೦ ಮಿಲಿಲೀಟರಿನಲ್ಲಿ ಸುಮಾರು ೭೭ ಮಿಲಿಲೀಟರು ಶುದ್ಧ ಆಲ್ಕೋಹಾಲು. ತೂಕದಲ್ಲಿ ಸುಮಾರು ೬೦ ಗ್ರಾಂ. ಆರೋಗ್ಯವಂತನ ಯಕೃತ್ತು ಒಂದು ತಾಸಿಗೆ ಸುಮಾರು ಏಳರಿಂದ ಹತ್ತು ಗ್ರಾಂನಷ್ಟನ್ನು ಮಾತ್ರ ಕರಗಿಸಬಲ್ಲದು. ಹೀಗಾಗಿ ರಾತ್ರಿ ಒಂಬತ್ತಕ್ಕೆ ಒಂದು ಕ್ವಾರ್ಟರನ್ನು ಮುಗಿಸಿದವನ ರಕ್ತದಿಂದ ಅದು ಪೂರ್ತಿ ಇಳಿಯಬೇಕಾದರೆ ಬೆಳಗಿನ ಜಾವವಾಗುತ್ತದೆ. ತಣ್ಣೀರು ಸ್ನಾನ, ನಿಂಬೆಹಣ್ಣು, ಕಡುಚಹ ಇವು ಯಾವುವೂ ಆ ಗಡಿಯಾರವನ್ನು ಒಂದು ನಿಮಿಷವೂ ಮುಂದೆ ಓಡಿಸಲಾರವು.

ಕುಡಿಯುವ ರೀತಿಯೂ ಇಲ್ಲಿ ಬೇರೆ. ಕುಳಿತು ಮಾತಾಡುತ್ತ ಗುಟುಕರಿಸುವುದು ಕಡಿಮೆ. ಊಟಕ್ಕೆ ಮುನ್ನ, ಖಾಲಿ ಹೊಟ್ಟೆಯಲ್ಲಿ, ನಿಂತಲ್ಲೇ ನೀರು ಬೆರೆಸಿ, ಯಾರಾದರೂ ನೋಡುವ ಮೊದಲೇ ಒಂದೇ ಗುಕ್ಕಿಗೆ ಇಳಿಸಿ ಬಾಯೊರೆಸಿಕೊಂಡು ನಡೆಯುವುದೇ ರೂಢಿ. ಇದಕ್ಕೆ ಕಾರಣ ಬಾಯಾರಿಕೆಯಲ್ಲ, ನಾಚಿಕೆ. ಲಿಂಗಾಯತ ಮಠಗಳ, ಸಂತರ, ಸೂಫಿಗಳ ಈ ಸೀಮೆಯಲ್ಲಿ ಕುಡಿತಕ್ಕೆ ಮರ್ಯಾದೆಯಿಲ್ಲ. ಮರ್ಯಾದೆಯಿಲ್ಲದ್ದು ಮರೆಯಲ್ಲಿ ನಡೆಯುತ್ತದೆ. ಮರೆಯಲ್ಲಿ ನಡೆದದ್ದು ಬೇಗ ಬೇಗನೆ ನಡೆಯುತ್ತದೆ. ರೋಗ ಬಂದಾಗಲೂ ಅದು ಮರೆಯಲ್ಲಿಯೇ ಉಳಿಯುತ್ತದೆ. ಈ ಸೀಮೆಯ ಕುಡಿತದ ಕತೆಯ ಗಂಟು ಇರುವುದು ಅಲ್ಲಿ.

ಲಕ್ಷ್ಮೇಶ್ವರ: ಹಳೆಯ ನೆನಪು, ಹಳೆಯ ಕಾಯಿದೆ

ಗದಗಿನಿಂದ ಮುಳಗುಂದದ ಮೇಲೆ ಸುಮಾರು ೪೦ ಕಿಲೋಮೀಟರು ಸಾಗಿದರೆ ಲಕ್ಷ್ಮೇಶ್ವರ. ಇದು ಹಳೆಯ ಪುಲಿಗೆರೆ. ಆದಿಕವಿ ಪಂಪನು ತನ್ನ ಕಾವ್ಯದ ಕನ್ನಡಕ್ಕೆ ಮಾದರಿಯಾಗಿ ಎತ್ತಿ ಹೇಳಿದ ಊರು. ಶಂಖಬಸದಿ, ಸೋಮೇಶ್ವರ ದೇವಾಲಯ, ಆದಿಲಶಾಹಿ ಕಾಲದ ಮಸೀದಿ, ದೂದಪೀರರ ದರ್ಗಾ ಇವೆಲ್ಲ ಒಂದೇ ಊರಿನ ಸುತ್ತಳತೆಯೊಳಗೆ ನೆಲೆಸಿವೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆದಯ್ಯನು ಇಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಕಥೆಯನ್ನು ರಾಘವಾಂಕನ ‘ಸೋಮನಾಥ ಚಾರಿತ್ರ’ ಹೇಳುತ್ತದೆ.

ಆದಯ್ಯನ ಜೊತೆಯ ಶರಣರಲ್ಲಿ ಒಬ್ಬನನ್ನು ಇಲ್ಲಿ ನೆನೆಯುವುದು ತಕ್ಕದ್ದು. ಅವನೇ ಹೆಂಡದ ಮಾರಯ್ಯ. ಹೆಂಡ ಮಾರುವುದು ಅವನ ಕಾಯಕ. ಕೊಳ್ಳಬಂದವರಿಗೆ ತಿಳಿವಳಿಕೆ ಹೇಳುವುದು ಅವನ ವ್ರತ. ಶರಣರು ಕುಡಿತವನ್ನು ಮೆಚ್ಚಲಿಲ್ಲ. ಆದರೂ ಹೆಂಡದಂಗಡಿಯವನನ್ನು ಅನುಭವದ ಪಂಕ್ತಿಯಿಂದ ಹೊರಗೆ ದೂಡಲಿಲ್ಲ. ಮನುಷ್ಯನನ್ನು ಕೈಬಿಡದೆ ಅವನ ಚಟವನ್ನು ಬಿಡಿಸಬೇಕು ಎಂಬ ವಿವೇಕ ಎಂಟುನೂರು ವರ್ಷಗಳ ಹಿಂದೆಯೇ ಈ ನಾಡಿನಲ್ಲಿ ಇತ್ತೆಂಬುದನ್ನು ಮರೆಯಬಾರದು.

ಆ ಕಾಲದ ಹೆಂಡ ಹಳ್ಳದ ದಂಡೆಯ ಈಚಲ ಗಿಡದಿಂದ ಇಳಿದದ್ದು. ಮುಂದೆ ಬೆಲ್ಲವನ್ನೂ ಜಾಲಿಯ ತೊಗಟೆಯನ್ನೂ ಕೊಳೆಯಿಸಿ ಭಟ್ಟಿಯಿಳಿಸುವ ಸೆರೆ ದಖ್ಖನಿನ ಉದ್ದಗಲಕ್ಕೂ ಹರಡಿತು. ಇಂಗ್ಲಿಷರ ಸರಕಾರ ೧೮೭೮ರಲ್ಲಿ ಮುಂಬಯಿ ಅಬಕಾರಿ ಕಾಯಿದೆಯನ್ನು ತಂದು, ಊರಿನವರು ತಾವೇ ಇಳಿಸುತ್ತಿದ್ದುದನ್ನು ಅಪರಾಧವೆಂದು ಸಾರಿತು. ಇಳಿಸುವ, ಮಾರುವ ಹಕ್ಕು ಸರಕಾರದ್ದಾಯಿತು; ಅದನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರ ದೊಡ್ಡ ಮನುಷ್ಯನಾದ. ಸೆರೆ ಬೊಕ್ಕಸಕ್ಕೆ ಬೇಕಾದ ವಸ್ತುವಾಯಿತು. ಅದೇ ಸಮಯದಲ್ಲಿ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಗದಗ, ಮುಂಡರಗಿಗಳು ನೇರವಾಗಿ ಮುಂಬಯಿ ಪ್ರಾಂತದಲ್ಲಿದ್ದವು. ಮುಂಡರಗಿಯ ಪೂರ್ವಕ್ಕೆ ಕೊಪ್ಪಳವು ನಿಜಾಮನದು, ತುಂಗಭದ್ರೆಯ ಆಚೆ ದಂಡೆ ಮದರಾಸಿನದು. ಒಂದೇ ಗುಡ್ಡದ ಸುತ್ತಿನ ಜನಕ್ಕೆ ಐದು ದೊರೆತನ; ಒಂದೇ ವಸ್ತುವಿಗೆ ಐದು ಕಡೆಯ ಕಟ್ಟಳೆ.

ಶಿರಹಟ್ಟಿ: ನಿಷೇಧದ ಹದಿನೇಳು ವರ್ಷ

ಶಿರಹಟ್ಟಿಯೆಂದೊಡನೆ ನೆನಪಾಗುವುದು ಫಕೀರೇಶ್ವರ ಮಠ. ಹಿಂದೂ ಮುಸಲ್ಮಾನರಿಬ್ಬರೂ ತಮ್ಮದೆಂದು ನಡೆದುಕೊಳ್ಳುವ ಈ ಗದ್ದುಗೆಯ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿದ್ದಾರೆ. ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಹಾರಿಬರುತ್ತವೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ಸಾಂಗಲಿ ಮೀರಜಗಳು ಮುಂಬಯಿಯಲ್ಲಿ ವಿಲೀನವಾದವು. ಗಾಂಧೀಜಿಯವರ ಮಾತನ್ನು ನಡೆಸಿಕೊಡಬೇಕೆಂಬ ಉತ್ಸಾಹದ ದಿನಗಳವು. ೧೯೪೯ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆ ಬಂದಿತು. ೧೯೫೦ರ ಏಪ್ರಿಲಿನಿಂದ ಪ್ರಾಂತದಲ್ಲೆಲ್ಲ ಪೂರ್ಣ ಪಾನನಿರೋಧ. ಸಂವಿಧಾನದ ೪೭ನೆಯ ವಿಧಿಯೂ ಸರಕಾರಗಳಿಗೆ ಅದೇ ದಾರಿಯನ್ನು ತೋರಿತು. ೧೯೫೬ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಇಲ್ಲಿ ಪಾನನಿರೋಧ ಮುಂದುವರಿಯಿತು.

ಆ ಹದಿನೇಳು ವರ್ಷಗಳನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಅಂಗಡಿಗಳ ಬಾಗಿಲು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿತು. ಆದರೆ ಗುಡ್ಡಗಾಡಿನ ಮರೆಯಲ್ಲಿ ಬೇರೊಂದು ಹೊಗೆಯೂ ಎದ್ದಿತು. ಕಳ್ಳಭಟ್ಟಿ ಎಂಬ ಮಾತು ಮನೆಮಾತಾದದ್ದು ಆಗಲೇ. ಭಟ್ಟಿಯನ್ನು ಕಾಯಿಸಿದ ಬಡವ ಜೈಲಿಗೆ ಹೋದ. ಹಣ ಹೂಡಿದವನು ಹೊರಗೆ ಉಳಿದ. ೧೯೩೯ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹದಲ್ಲಿ ಮುಂದಾಳಾಗಿದ್ದ ಎಸ್. ನಿಜಲಿಂಗಪ್ಪನವರೇ ಮುಖ್ಯಮಂತ್ರಿಗಳಾಗಿದ್ದಾಗ, ೧೯೬೭ರಲ್ಲಿ, ಪಾನನಿರೋಧವನ್ನು ಹಿಂತೆಗೆಯಬೇಕಾಯಿತು. ಕಾಲದ ಈ ವ್ಯಂಗ್ಯಕ್ಕೆ ಟೀಕೆ ಬೇಕಿಲ್ಲ.

ಮುಂದಿನದು ಸಾರಾಯಿ ಗುತ್ತಿಗೆಯ ಯುಗ. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ಹೆಂಗಸರು ಹರ್ಷಪಟ್ಟರು. ಆದರೆ ಸಾರಾಯಿಯ ಜಾಗದಲ್ಲಿ ಅಗ್ಗದ ವಿಸ್ಕಿಯ ಪೊಟ್ಟಣ ಬಂದು ಕುಳಿತಿತು. ಹೆಚ್ಚಿನ ಬೆಲೆ ತೆರಲಾರದವರು ಕೆಲವು ಕಡೆ ಕಳ್ಳಮಾಲಿನತ್ತ ತಿರುಗಿದರು. ೧೯೮೧ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದುದನ್ನು ಹಿರಿಯರು ಮರೆತಿರಲಾರರು. ೨೦೦೮ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಹಳ್ಳಿಗಳಲ್ಲಿ ಅಂಥದೇ ಅನಾಹುತ ಮತ್ತೆ ನಡೆದು ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ಸಲವೂ ಕೊಂದದ್ದು ಮಿಥೈಲ್ ಆಲ್ಕೋಹಾಲು. ಕಾರಖಾನೆಗಳಲ್ಲಿ ಬಳಸುವ ಈ ದ್ರವಕ್ಕೆ ಬಣ್ಣವೂ ವಾಸನೆಯೂ ಕುಡಿಯುವ ಮದ್ಯದಂತೆಯೇ ಇರುತ್ತವೆ. ದೇಹದೊಳಗೆ ಹೋದ ಮೇಲೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಕುಡಿದ ಮರುದಿನ ‘ಕಣ್ಣು ಮಂಜಾಗಿದೆ’ ಎಂದವನನ್ನು ಮಲಗಿಸಿಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇಂದು ಕರ್ನಾಟಕದ ಬೊಕ್ಕಸಕ್ಕೆ ಅಬಕಾರಿಯಿಂದ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಮೀರಿ ಆದಾಯ ಬರುತ್ತಿದೆ. ಆ ಹಣದಿಂದ ರಸ್ತೆಯೂ ಆಗುತ್ತದೆ, ಶಾಲೆಯೂ ಆಗುತ್ತದೆ. ಆದರೆ ಅದು ಹೊರಟದ್ದು ಯಾರ ಕಿಸೆಯಿಂದ ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ಶಿರಹಟ್ಟಿಯ ಕೂಲಿಕಾರನ ಹೆಂಡತಿಗೆ ಇದೆ.

ದೂರದ ಕೊರಿಯಾದ ಹಸಿರು ಸೀಸೆ

ಈ ಕಾಲದ ಮಕ್ಕಳಿಗೆ ಕೊರಿಯಾ ದೂರದ ದೇಶವಲ್ಲ. ಅಂಗೈಯಗಲದ ತೆರೆಯ ಮೇಲೆ ಕೊರಿಯಾದ ಧಾರಾವಾಹಿಗಳನ್ನು ನೋಡುವ ಹುಡುಗ ಹುಡುಗಿಯರು ಗದಗಿನಲ್ಲಿಯೂ ಇದ್ದಾರೆ, ಬೆಂಗಳೂರಿನಲ್ಲಿಯೂ ಇದ್ದಾರೆ. ಆ ಕತೆಗಳಲ್ಲಿ ಸುಖಕ್ಕೂ ದುಃಖಕ್ಕೂ ಮೇಜಿನ ಮೇಲೆ ಒಂದು ಹಸಿರು ಸೀಸೆ ಪ್ರತ್ಯಕ್ಷವಾಗುತ್ತದೆ. ಅದು ಸೋಜು. ಹಾಗಾಗಿ ಆ ದೇಶದ ಪದ್ಧತಿಯನ್ನು ತಾಯ್ತಂದೆಯರು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಕೊರಿಯಾದಲ್ಲಿ ಕುಡಿತ ಮರೆಯ ವ್ಯವಹಾರವಲ್ಲ. ಅಲ್ಲಿ ಅದಕ್ಕೊಂದು ಶಾಸ್ತ್ರವೇ ಇದೆ. ತನ್ನ ಬಟ್ಟಲನ್ನು ತಾನೇ ತುಂಬಿಕೊಳ್ಳುವಂತಿಲ್ಲ. ಹಿರಿಯರಿಗೆ ಎರಡೂ ಕೈಯಿಂದ ಸುರಿಯಬೇಕು, ಅವರು ಕೊಟ್ಟದ್ದನ್ನು ಎರಡೂ ಕೈಯಿಂದ ಪಡೆಯಬೇಕು, ಕುಡಿಯುವಾಗ ಅವರಿಂದ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು. ಕಚೇರಿಯವರೆಲ್ಲ ಕೂಡಿ ಮಾಡುವ ಭೋಜನಕೂಟಕ್ಕೆ ‘ಹ್ವೆಶಿಕ್’ ಎಂದು ಹೆಸರು. ಮೊದಲ ಸುತ್ತು ಒಂದು ಅಂಗಡಿಯಲ್ಲಿ, ಎರಡನೆಯದು ಇನ್ನೊಂದರಲ್ಲಿ, ಮೂರನೆಯದು ಮತ್ತೊಂದರಲ್ಲಿ. ಮೇಲಧಿಕಾರಿ ಚಾಚಿದ ಬಟ್ಟಲನ್ನು ಬೇಡವೆನ್ನುವುದು ಅವಿನಯವೆಂಬ ಭಾವನೆ ಬಹುಕಾಲ ಬಲವಾಗಿತ್ತು. ಈಚೆಗೆ ಅಲ್ಲಿಯ ತರುಣರು ಬೇಡವೆನ್ನುವುದನ್ನು ಕಲಿಯುತ್ತಿದ್ದಾರೆ.

ಗದಗ ಸೀಮೆಯಲ್ಲಿ ಹಿರಿಯರ ಕಣ್ಣು ತಪ್ಪಿಸಿ ಕುಡಿಯುತ್ತಾರೆ. ಕೊರಿಯಾದಲ್ಲಿ ಹಿರಿಯರ ಕಣ್ಣೆದುರಿನಲ್ಲಿ ಕುಡಿಯಲೇಬೇಕಾಗುತ್ತದೆ. ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ದಾಕ್ಷಿಣ್ಯ. ಯಕೃತ್ತಿಗೆ ಇವೆರಡರ ಭೇದ ತಿಳಿಯದು. ೧೯೨೪ರಲ್ಲಿ ಶೇಕಡಾ ೩೫ರಷ್ಟು ತೀಕ್ಷ್ಣವಾಗಿದ್ದ ಸೋಜು ಬರಬರುತ್ತ ತೆಳುವಾಗಿ ಇಂದು ೧೬ರ ಆಸುಪಾಸಿಗೆ ಇಳಿದಿದೆ. ೩೬೦ ಮಿಲಿಲೀಟರಿನ ಒಂದು ಹಸಿರು ಸೀಸೆಯಲ್ಲಿ ಈಗ ಸುಮಾರು ೪೫ ಗ್ರಾಂ ಆಲ್ಕೋಹಾಲು ಇರುತ್ತದೆ. ಬೆಟಗೇರಿಯ ಕ್ವಾರ್ಟರಿನ ೬೦ ಗ್ರಾಂ ಅದಕ್ಕಿಂತ ಹೆಚ್ಚು! ತೆರೆಯ ಮೇಲಿನ ಸೀಸೆ ದೊಡ್ಡದಾಗಿ ಕಾಣುತ್ತದೆ, ಕಿಸೆಯೊಳಗಿನ ಪೊಟ್ಟಣ ಚಿಕ್ಕದಾಗಿ ಕಾಣುತ್ತದೆ. ಭಾರ ಪೊಟ್ಟಣದಲ್ಲಿಯೇ ಹೆಚ್ಚು.

ಕೊರಿಯನ್ನರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಒಂದು ಬಟ್ಟಲಿಗೇ ಮುಖ ಕೆಂಪೇರುತ್ತದೆ, ಎದೆ ಡವಗುಟ್ಟುತ್ತದೆ. ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯ ವಸ್ತುವಾಗಿ ಮಾರ್ಪಡುತ್ತದೆ. ಈ ಎರಡನೆಯ ಹೆಜ್ಜೆಯನ್ನು ನಡೆಸುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ದುರ್ಬಲ. ಅಂಥವರು ಕುಡಿಯುತ್ತಲೇ ಹೋದರೆ ಅನ್ನನಾಳದ ಕ್ಯಾನ್ಸರಿನ ಭಯ ಉಳಿದವರಿಗಿಂತ ಹೆಚ್ಚು. ಇದನ್ನು ಇಲ್ಲಿ ಹೇಳಿದುದಕ್ಕೆ ಕಾರಣವಿದೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆಯು ಅದೇ ಕಿಣ್ವವನ್ನು ತಡೆಯುತ್ತದೆ. ೧೯೪೮ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಅದರ ಈ ಗುಣವನ್ನು ಪ್ರಕಟಿಸಿದರು. ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ; ಹೃದಯ ದುರ್ಬಲವಾಗಿದ್ದರೆ ಪ್ರಾಣಕ್ಕೇ ಸಂಚಕಾರ. ‘ಕುಡಿಯುವವನಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸಿ ಕೊಡಿ’ ಎಂದು ಗೋಡೆಗಳ ಮೇಲೆ ಜಾಹೀರಾತು ಹಾಕುವ ಗುಪ್ತ ಪುಡಿಗಳನ್ನು ನಂಬುವ ತಾಯಂದಿರು ಇದನ್ನು ಮನಸ್ಸಿನಲ್ಲಿಡಬೇಕು. ತಿಳಿಯದೆ ಕೊಟ್ಟ ಔಷಧ ವಿಷವಾಗುವುದಕ್ಕೆ ಬಹಳ ಹೊತ್ತು ಬೇಡ.

ಗುಡ್ಡದ ದಾರಿ

ಗದಗಿನಿಂದ ಮುಂಡರಗಿಗೆ ಹೋಗುವ ದಾರಿ ಡಂಬಳದ ಮೇಲೆ ಹಾಯುತ್ತದೆ. ನಕ್ಷತ್ರದಂತೆ ಮೂಲೆಮೂಲೆಯಾಗಿ ತಿರುವಿದ ದೊಡ್ಡಬಸಪ್ಪನ ಗುಡಿಯ ಎದುರು ನಿಂತವರಿಗೆ ಚಾಲುಕ್ಯ ಶಿಲ್ಪಿಯ ಕೈಗೆ ಕೈಮುಗಿಯಬೇಕೆನ್ನಿಸುತ್ತದೆ. ಬಲಕ್ಕೆ ಕಪ್ಪತಗುಡ್ಡ, ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಇಂಥ ದಾರಿಗಳಲ್ಲಿ ಸಂಜೆಯ ಹೊತ್ತು ಸಂತೆ ಮುಗಿಸಿದ ಟ್ರ್ಯಾಕ್ಟರುಗಳು, ಮೋಟಾರು ಸೈಕಲ್ಲುಗಳು, ದೀಪವಿಲ್ಲದ ಚಕ್ಕಡಿಗಳು ಒಟ್ಟಿಗೆ ಸಾಗುತ್ತವೆ. ಮೋಟಾರು ವಾಹನ ಕಾಯಿದೆಯ ಪ್ರಕಾರ ನೂರು ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಂ ಮೀರಿ ಆಲ್ಕೋಹಾಲು ಇರುವವನು ವಾಹನ ನಡೆಸುವಂತಿಲ್ಲ. ೨೦೧೯ರ ತಿದ್ದುಪಡಿಯಂತೆ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ. ಕೊರಿಯಾ ಕೂಡ ೨೦೧೯ರ ಜೂನಿನಲ್ಲಿ ತನ್ನ ಮಿತಿಯನ್ನು ಇಳಿಸಿ ಇದೇ ಅಂಕಿಗೆ ತಂದಿತು. ಕಾಯಿದೆಯಲ್ಲಿ ಎರಡು ದೇಶಗಳೂ ಸಮಾನ. ಆದರೆ ಕತ್ತಲೆಯ ದಾರಿಯಲ್ಲಿ ತಪಾಸಣೆಗೆ ನಿಲ್ಲುವವರು ಯಾರು? ಅಲ್ಲಿ ಕಾವಲಿರುವುದು ಚಾಲಕನ ವಿವೇಕವೊಂದೇ. ಮೊದಲ ಗುಟುಕಿಗೆ ಕರಗುವುದೂ ಅದೇ. ಕೈಕಾಲು ತೊಡರುವುದಕ್ಕೆ ಎಷ್ಟೋ ಮೊದಲು ‘ನನಗೇನೂ ಆಗಿಲ್ಲ’ ಎಂಬ ಭ್ರಮೆ ತಲೆಗೇರುತ್ತದೆ.

ಭಾರತದಲ್ಲಿ ಹದಿನೈದು ವರ್ಷ ಮೀರಿದ ಗಂಡಸರಲ್ಲಿ ಶೇಕಡಾ ೧೮.೮, ಹೆಂಗಸರಲ್ಲಿ ೧.೩ ಮಂದಿ ಕುಡಿಯುವವರೆಂದು ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡುಕೊಂಡಿತು. ಹಾಗಿದ್ದರೆ ಐದರಲ್ಲಿ ನಾಲ್ವರು ಗಂಡಸರು ಕುಡಿಯುವುದಿಲ್ಲ. ‘ಎಲ್ಲರೂ ಕುಡಿಯುತ್ತಾರೆ’ ಎಂಬುದು ಕುಡಿಯುವವರ ಮಾತೇ ಹೊರತು ಲೆಕ್ಕದ ಮಾತಲ್ಲ. ೨೦೧೯ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ೨೬ ಲಕ್ಷ ಸಾವುಗಳಿಗೆ ಮದ್ಯ ಕಾರಣವಾಯಿತೆಂದೂ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಸ್ತನಗಳ ಕ್ಯಾನ್ಸರಿಗೆ ಅದು ಕಾರಣವೆಂಬುದು ಸ್ಥಿರಪಟ್ಟಿದೆ.

ಮುಂಡರಗಿ: ಜೋಳಿಗೆ ಮತ್ತು ಮೂರನೆ ರಾತ್ರಿ

ಮುಂಡರಗಿಯು ೧೮೫೮ರಲ್ಲಿ ಇಂಗ್ಲಿಷರೆದುರು ಸಿಡಿದೆದ್ದ ಭೀಮರಾಯನ ಊರು. ಅನ್ನದಾನೀಶ್ವರ ಮಠದ ಊರು. ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಬಡವರು ಗೋವೆಗೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಊರು ಬಿಟ್ಟಲ್ಲಿ ಹಿರಿಯರ ಕಣ್ಣಿಲ್ಲ, ಕೈಯಲ್ಲಿ ಕೂಲಿಯ ಕಾಸಿದೆ, ಸಂಜೆಗೆ ಬೇಸರವಿದೆ. ಪ್ರಭಾಸಕ್ಕೆ ಹೋದ ಯಾದವರ ಕಥೆ ಇಲ್ಲಿ ನೆನಪಾಗದೆ ಇರದು.

ಇಂಥ ಸೀಮೆ ಕುಡಿತಕ್ಕೆ ತಾನೇ ಕಂಡುಕೊಂಡ ಮದ್ದು ಶಪಥ. ಗದಗಿನ ಈಶಾನ್ಯಕ್ಕೆ, ನೇಕಾರರ ಊರಾದ ಇಳಕಲ್ಲಿನಲ್ಲಿ, ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಸ್ವಾಮಿಗಳ ಜೋಳಿಗೆಗೆ ಜೋಳ ಹಾಕುವುದು ಈ ನಾಡಿನ ಪದ್ಧತಿ. ಇವರು ಜೋಳವನ್ನು ಬೇಡಲಿಲ್ಲ. ನಿಮ್ಮ ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಕೇರಿಕೇರಿಗೆ ನಡೆದು ಕೈಯೊಡ್ಡಿದರು. ಸೀಸೆ, ತಂಬಾಕಿನ ಚೀಲ, ಇಸ್ಪೀಟಿನ ಕಟ್ಟು ಎಲ್ಲವೂ ಅದರಲ್ಲಿ ಬಿದ್ದವು. ಅವರು ೨೦೧೮ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರಕಾರ ‘ವ್ಯಸನಮುಕ್ತ ದಿನ’ವೆಂದು ಆಚರಿಸುತ್ತದೆ. ಧರ್ಮಸ್ಥಳದ ಪ್ರೇರಣೆಯಿಂದ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳೂ ಇದೇ ಹಾದಿಯವು. ೨೦೧೯ರ ಜನವರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಸಾವಿರಾರು ಹೆಂಗಸರು ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಸಾಗಿದರು.

ಶಪಥದ ಬಲ ದೊಡ್ಡದು. ಊರೆದುರಿಗೆ ಕೊಟ್ಟ ಮಾತು ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ. ಮುಚ್ಚಿಟ್ಟದ್ದು ಬಯಲಿಗೆ ಬರುತ್ತದೆ. ಆದರೆ ಶಪಥ ಮಾಡಿದವನ ದೇಹದಲ್ಲಿ ಏನು ನಡೆಯುತ್ತದೆಂಬುದು ಅನೇಕರಿಗೆ ತಿಳಿಯದು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡೇ ಇರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಉದ್ರೇಕಕ್ಕೆ ಲಗಾಮು ತಪ್ಪುತ್ತದೆ. ಮೊದಲ ದಿನ ಕೈ ನಡುಗುತ್ತದೆ, ಬೆವರು ಹರಿಯುತ್ತದೆ. ಎರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳವು ಬರುತ್ತದೆ. ಎರಡರಿಂದ ನಾಲ್ಕು ದಿನಗಳ ನಡುವೆ, ಬಹಳ ಸಲ ಮೂರನೆಯ ರಾತ್ರಿ, ಸನ್ನಿ ಕೆರಳುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ, ಹೆಂಡತಿ ಮಕ್ಕಳ ಗುರುತು ಹತ್ತುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾವೂ ಬರುತ್ತದೆ.

ಆಗ ಮನೆಯವರು ಏನು ಮಾಡುತ್ತಾರೆ? ‘ದೆವ್ವ ಬಡಿಯಿತು’ ಎಂದು ಕೆಲವರು ಮಂತ್ರವಾದಿಯನ್ನು ಕರೆಯುತ್ತಾರೆ. ‘ಆಣೆಯಲ್ಲಿ ಲೋಪವಾಯಿತು, ದೇವರು ಮುನಿದ’ ಎಂದು ಕೆಲವರು ಹೆದರುತ್ತಾರೆ. ‘ಇವನಿಗೆ ಸೆರೆ ಬಿಟ್ಟರೆ ಆಗಿಬರುವುದಿಲ್ಲ’ ಎಂದು ಮತ್ತೆ ಕೆಲವರು ತಾವೇ ಪೊಟ್ಟಣ ತಂದು ಬಾಯಿಗೆ ಹನಿಸುತ್ತಾರೆ. ನಡುಕ ನಿಲ್ಲುತ್ತದೆ, ಜೊತೆಗೆ ಶಪಥವೂ ಮುರಿಯುತ್ತದೆ. ಊರು ‘ಮಾತು ತಪ್ಪಿದವನು’ ಎನ್ನುತ್ತದೆ. ಅವನು ಮತ್ತೆ ಮರೆಗೆ ಸರಿಯುತ್ತಾನೆ. ನಿಜದಲ್ಲಿ ತಪ್ಪಿದ್ದು ಅವನ ಮಾತಲ್ಲ. ಅವನಿಗೆ ಸಿಕ್ಕಬೇಕಾಗಿದ್ದ ವೈದ್ಯಕೀಯ ಸಹಾಯ.

ಅದೇ ರೋಗಿಯನ್ನು ಮೊದಲ ದಿನವೇ ಆಸ್ಪತ್ರೆಗೆ ಕರೆದೊಯ್ದರೆ ನಡುಕವನ್ನೂ ಸೆಳವನ್ನೂ ತಡೆಯುವ ಔಷಧಗಳಿವೆ. ಕುಡಿತದಿಂದ ಬರಿದಾದ ದೇಹಕ್ಕೆ ಥಯಾಮಿನ್ ಎಂಬ ಜೀವಸತ್ವವನ್ನು ಕೊಡುತ್ತಾರೆ. ಅದಿಲ್ಲದೆ ಹೋದರೆ ನೆನಪಿನ ಶಕ್ತಿಯೇ ಅಳಿಯಬಹುದು. ಒಂದು ವಾರದೊಳಗೆ ಅಪಾಯದ ಘಟ್ಟ ದಾಟುತ್ತದೆ. ಮುಂದಿನ ದಾರಿಗೆ ಶಪಥವೂ ಬೇಕು, ಊರೂ ಬೇಕು, ಹೆಂಡತಿ ಮಕ್ಕಳ ತಾಳ್ಮೆಯೂ ಬೇಕು. ಈ ಸೀಮೆಯವರು ಇದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಗದಗಿನಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ಧಾರವಾಡದಲ್ಲಿ ೧೮೪೫ರಷ್ಟು ಹಳೆಯ ಮೂಲದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ ೧೪೪೪೬. ಮಾನಸಿಕ ನೆರವಿನ ‘ಟೆಲಿ ಮಾನಸ್’ ೧೪೪೧೬. ಇವೆರಡೂ ಉಚಿತ.

ಶರಣರ ನಾಡಿಗೆ ಶಪಥವನ್ನು ಕಲಿಸಬೇಕಾಗಿಲ್ಲ. ಕಾಯಿದೆಯನ್ನಂತೂ ಅದು ಸಾಕಷ್ಟು ಸಲ ಕಂಡಿದೆ: ೧೯೫೦ರಲ್ಲಿ ಬಂದುದನ್ನು, ೧೯೬೭ರಲ್ಲಿ ಹೋದುದನ್ನು, ೨೦೦೭ರಲ್ಲಿ ಅರ್ಧವಾಗಿ ಮರಳಿದುದನ್ನು. ಕಾಯಿದೆ ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಶಪಥ ಮನಸ್ಸಿನ ಬಾಗಿಲನ್ನು ತೆರೆಯಬಲ್ಲದು. ನಡುಗುವ ದೇಹಕ್ಕೆ ಬೇಕಾದುದು ವೈದ್ಯ. ಜೋಳಿಗೆ ಹಿಡಿದು ಸ್ವಾಮಿಗಳು ಬರುವ ದಿನ ಅವರ ಪಕ್ಕದಲ್ಲಿ ಔಷಧದ ಪೆಟ್ಟಿಗೆ ಹಿಡಿದ ವೈದ್ಯನೊಬ್ಬನೂ ನಡೆದುಬಂದರೆ, ಮುಂಡರಗಿಯ ಯಾವುದೋ ಗುಡಿಸಲಿನಲ್ಲಿ ಆ ಮೂರನೆಯ ರಾತ್ರಿ ಸುಖವಾಗಿ ಕಳೆದು ನಾಲ್ಕನೆಯ ಬೆಳಗಾದೀತು.